ಸಹಾಯ ಬೇಕು: ಕಾಲೆಳೆಯುವ ಗೆಳೆಯನಿಗೆ ತಕ್ಕ ಉತ್ತರ

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದಲ್ಲಿ ಒಬ್ಬ ಮಹಾಶಯನಿದ್ದಾನೆ. ಎದುರಿಗಿದ್ದವರ ಕಾಲೆಳೆಯದಿದ್ದರೆ ಅವನಿಗೆ ತಿಂದ ಅನ್ನ ಅರಗುವುದಿಲ್ಲ. ಮೊನ್ನೆ ಹೋಟೆಲಿನಲ್ಲಿ ನನ್ನ ಬೋಳುತಲೆ ನೋಡಿ, "ಇಷ್ಟು ನುಣುಪಾದ ಕಾವಲಿ ಇಲ್ಲೇ ಇರುವಾಗ ದೋಸೆಗೆ ಏಕೆ ಕಾಯಬೇಕು?" ಎಂದ. ಎಲ್ಲರೂ ಮೇಜು ತಟ್ಟಿ ನಕ್ಕರು, ನಾನೂ ನಕ್ಕೆ. "ಹುಯ್ಯಪ್ಪಾ, ಆದರೆ ಬಿಲ್ಲು ಬಂದಾಗ ಕೈತೊಳೆಯಲು ಎದ್ದು ಹೋಗಬೇಡ" ಎಂಬ ಉತ್ತರ ಹೊಳೆದದ್ದು ಮನೆಯ ಬೀಗ ತೆಗೆಯುವಾಗ! (ಬಿಲ್ಲು ಬರುವ ಹೊತ್ತಿಗೆ ಅವನ ಕೈ ಯಾವಾಗಲೂ ಕೊಳೆಯಾಗಿರುತ್ತದೆ.)

ಮುಂದಿನ ತಿಂಗಳು ಅವನ ಷಷ್ಟ್ಯಬ್ದಿ. ನಾಲ್ಕು ಮಾತು ಆಡುವ ಹೊಣೆ ನನ್ನ ಮೇಲಿದೆ. ಅವನು ನಡುವೆ ಬಾಯಿ ಹಾಕುವುದು ಖಂಡಿತ, ಆದ್ದರಿಂದ ಬರೆದುಕೊಂಡು ಹೋದ ಭಾಷಣ ನಡೆಯದು.

ಯಕ್ಷಗಾನದ ಪ್ರಸಂಗವನ್ನು ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳನ್ನು, ಅಂದರೆ ಪಾತ್ರವಾಗಿ ಮಾತನಾಡುವವರನ್ನು, ಕಂಡರೆ ನನಗೆ ಹೊಟ್ಟೆಕಿಚ್ಚು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಹಾಡುವ ಭಾಗವತರ ಪದ್ಯ ಮುಗಿದೊಡನೆ ಎದುರಾಳಿಯ ಮಾತಿನ ಎಳೆಯನ್ನೇ ಹಿಡಿದು ಅವನ ಕೊರಳಿಗೇ ಸುತ್ತುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಅರ್ಥ ಹೇಳುವವರು, ಹರಟೆ ಕಾರ್ಯಕ್ರಮಗಳಲ್ಲಿ ಮಾತನಾಡುವವರು ಇದ್ದರೆ ತಿಳಿಸಿ: ಥಟ್ಟನೆ ಉತ್ತರ ಕೊಡಲು ಅಭ್ಯಾಸ ಮಾಡುವುದು ಹೇಗೆ? ಅವನ ಜಿಪುಣತನ, ಗೊರಕೆ, ತಡವಾಗಿ ಬರುವ ಚಾಳಿ ಎಲ್ಲವನ್ನೂ ಬಳಸಬಹುದು. ಸಂಸಾರ, ಸಂಬಳ, ಕಾಯಿಲೆ, ಜಾತಿ ಬೇಡ. ಹೊಸ ಬೀಗರೂ ಬಂದಿರುತ್ತಾರೆ. ಅವರ ಎದುರು ಬಿಲ್ಲಿನ ವಿಷಯ ಎತ್ತಬಹುದೇ?