ಸಹಾಯ ಬೇಕು: ರಾಸ್ಪ್‌ಬೆರಿ ಪೈಗೆ ಹೊಸ ಓಎಸ್ ಬಂದಾಗ ಹಳೆಯ ಸೆಟ್ಟಿಂಗ್‌ಗಳನ್ನು ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. 2025ರ ಆಗಸ್ಟ್ 9ರಂದು ಡೆಬಿಯನ್ ಎಂಬ ಲಿನಕ್ಸ್ ಓಎಸ್‌ನ 13ನೇ ಆವೃತ್ತಿ (ಟ್ರಿಕ್ಸಿ) ಬಿಡುಗಡೆಯಾದಂದಿನಿಂದ, ಅದನ್ನು ಆಧರಿಸಿದ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಓಎಸ್‌ಗಾಗಿ ಕಾಯುತ್ತಿದ್ದೆ. ನನ್ನ ಪೈ 4ರಲ್ಲಿ ಈಗಿರುವುದು ಅದರ ಹಿಂದಿನ ಆವೃತ್ತಿ, ಬುಕ್‌ವರ್ಮ್. ತಾಳ್ಮೆಗೆಟ್ಟು, ಎಲ್ಲವನ್ನೂ ಇನ್ನೊಂದು ಎಸ್‌ಡಿ ಕಾರ್ಡಿಗೆ ನಕಲು ಮಾಡಿಕೊಂಡು, ಪ್ಯಾಕೇಜ್‌ಗಳನ್ನು (ತಂತ್ರಾಂಶಗಳನ್ನು) ಎಲ್ಲಿಂದ ತರಬೇಕೆಂದು ಸೂಚಿಸುವ ಆಪ್ಟ್ ಕಡತಗಳಲ್ಲಿ ‘ಬುಕ್‌ವರ್ಮ್’ ಎಂದಿದ್ದಲ್ಲೆಲ್ಲ ‘ಟ್ರಿಕ್ಸಿ’ ಎಂದು ಬದಲಿಸಿ ಅಪ್‌ಗ್ರೇಡ್ ಮಾಡಿದೆ. ಕಪ್ಪು ಪರದೆಯ ಮೂಲೆಯಲ್ಲಿ ಕರ್ಸರ್ ಮಿನುಗುತ್ತದೆಯೇ ಹೊರತು ಡೆಸ್ಕ್‌ಟಾಪ್ ತೆರೆದುಕೊಳ್ಳುವುದಿಲ್ಲ. (ಮೂಲ ಕಾರ್ಡನ್ನು ಮುಟ್ಟದೇ ಇದ್ದುದೊಂದೇ ನಾನು ತೋರಿದ ಜಾಣತನ.) ಎಸ್‌ಎಸ್‌ಎಚ್ ಮೂಲಕ (ಇನ್ನೊಂದು ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ) ಒಳಹೊಕ್ಕು ನೋಡಿದರೆ ಅರ್ಧಕ್ಕೆ ನಿಂತ ಪ್ಯಾಕೇಜ್ ಒಂದೂ ಇಲ್ಲ. ವಿಚಿತ್ರವೆಂದರೆ, ಹೊಸ ಬಳಕೆದಾರ ಖಾತೆಯಿಂದ ಲಾಗಿನ್ ಆದರೆ ಡೆಸ್ಕ್‌ಟಾಪ್ ಸರಿಯಾಗಿಯೇ ಬರುತ್ತದೆ. ಹೀಗಾಗಿ ನನ್ನ ಹಳೆಯ ಸೆಟ್ಟಿಂಗ್‌ಗಳ ಮೇಲೆಯೇ ಅನುಮಾನ. 2025ರ ಅಕ್ಟೋಬರ್‌ನಲ್ಲಿ ಬಂದ ಅಧಿಕೃತ ಆವೃತ್ತಿಯನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ ಹೋಮ್ ಫೋಲ್ಡರನ್ನು ನಕಲಿಸುವಾಗ, ಅದರಲ್ಲಿ ಅಡಗಿರುವ ಯಾವ ಯಾವ ಸೆಟ್ಟಿಂಗ್ ಫೋಲ್ಡರುಗಳನ್ನು ಬಿಟ್ಟುಬಿಡಬೇಕು ಎಂದು ತಿಳಿದವರು ದಯವಿಟ್ಟು ಹೇಳುವಿರಾ?