ಪದಚರ್ಚೆ: ಆವೃತ್ತಿ, ದರ್ಜೆ, ತಲ, ಗರ – ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳನ್ನು ಹೋಲಿಸುವಾಗ ಯಾವುದಕ್ಕೆ ಯಾವ ಪದ?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಹಳೆಯ, ಹೊಸ ನಿಯಮಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ನಾಲ್ಕು ಪುಟದ ಕನ್ನಡ ಕೈಪಿಡಿಯೊಂದು ಜಯನಗರದ ಒಂದು ಆಟದ ಗುಂಪಿಗಾಗಿ ಸಿದ್ಧವಾಗುತ್ತಿದೆ. ಗುಂಪಿನವರಿಗೆ ರೂಢಿಯಿರುವುದು 2014ರ ನಿಯಮ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಮಾಡ್ಯೂಲ್‌ಗಳು (ಸಿದ್ಧ ಸಾಹಸಕಥೆಯ ಪುಸ್ತಿಕೆಗಳು) ಮಾತ್ರ 1980ರ ದಶಕದವು, ಒಂದೆರಡು 3.5ರ ಕಾಲದವು. ಮೇಜಿನ ಸುತ್ತ ‘ಸೇವ್ ಹಾಕು’, ‘ಲೆವೆಲ್ ಆಯ್ತು’, ‘ಎಸಿ ಎಷ್ಟು?’ ಎಂದೇ ಮಾತು ನಡೆಯುತ್ತದೆ, ಅದಕ್ಕೆ ತಕರಾರಿಲ್ಲ. ಬರಹಕ್ಕೆ ಇಳಿಸುವಾಗ ತೊಡಕು. ಎಡಿಷನ್ ಎಂದರೆ ಆವೃತ್ತಿಯೋ ಮುದ್ರಣವೋ? ಲೆವೆಲ್‌ಗೆ ಎಲ್ಲ ಕಡೆ ‘ಹಂತ’ ಎಂದು ಹಾಕಿದರೆ ಒಂದೇ ವಾಕ್ಯದಲ್ಲಿ ಮೂರು ಹಂತ ಬಂದು ಕೂರುತ್ತವೆ. ಆರ್ಮರ್ ಕ್ಲಾಸ್ (ಎಸಿ, ಹೊಡೆತ ತಾಗದಂತೆ ಕಾಯುವ ಅಂಕಿ), ಟರ್ನ್, ಸೇವಿಂಗ್ ಥ್ರೋ (ಸೇವ್, ಅಪಾಯದಿಂದ ಪಾರಾಗಲು ಉರುಳಿಸುವ ದಾಳ), ರೇಸ್ ಇವಕ್ಕೆ ಹಳೆಯದಕ್ಕೂ ಹೊಸದಕ್ಕೂ ಹೊಂದುವ ಒಂದೊಂದು ಪದ ಬೇಕು. ದಯವಿಟ್ಟು ತಿಳಿಸಿ.

ಉತ್ತರ

ಹಳೆಯದಕ್ಕೂ ಹೊಸದಕ್ಕೂ ಹೊಂದುವ ಒಂದೇ ಪದ ಹುಡುಕುವುದೇ ತೊಡಕಿನ ಮೂಲ. ಈ ಆಟದಲ್ಲಿ ಐವತ್ತು ವರ್ಷದಿಂದ ಇಂಗ್ಲಿಷ್ ಪದಗಳು ಹಾಗೆಯೇ ಉಳಿದಿವೆ, ಅವುಗಳ ಹಿಂದಿನ ಲೆಕ್ಕ ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಹೋಲಿಕೆಯ ಕೈಪಿಡಿಯಲ್ಲಿ ಕನ್ನಡ ಪದ ಆ ಲೆಕ್ಕವನ್ನು ಹಿಡಿಯಬೇಕು. ಲೆಕ್ಕ ಬೇರೆಯಾದ ಕಡೆ ಪದವೂ ಬೇರೆಯಾಗಲಿ.

ಎಡಿಷನ್ ಸುಲಭದ್ದು, ಆವೃತ್ತಿ ಸಾಕು. ನಮ್ಮ ಪುಸ್ತಕಗಳ ಒಳಪುಟದಲ್ಲಿ ‘ಮೂರನೆಯ ಮುದ್ರಣ’ ಎಂದಿದ್ದರೆ ಅದೇ ಪಠ್ಯ ಮತ್ತೆ ಅಚ್ಚಾಯಿತು ಎಂದಷ್ಟೇ ಅರ್ಥ. ಆದರೆ ಆವೃತ್ತಿಯ ಮುಂದಿನ ಅಂಕಿಯನ್ನು ನಂಬಬೇಡಿ. 1974ರ ಮೂರು ಕಿರುಪುಸ್ತಕಗಳಿಗೆ ಅಂಕಿಯೇ ಇಲ್ಲ. 1977ರಿಂದ 1979ರವರೆಗೆ ಬಂದ ‘ಅಡ್ವಾನ್ಸ್ಡ್’ ಪುಸ್ತಕಗಳು ಮೊದಲನೆಯವು, 1989ರದ್ದು ಎರಡನೆಯದು. ಇವುಗಳ ಪಕ್ಕದಲ್ಲೇ ‘ಬೇಸಿಕ್’ ಎಂಬ ಬೇರೆಯೇ ಸಾಲು 1977, 1981, 1983 ಎಂದು ನಡೆದು 1991ರಲ್ಲಿ ಒಂದೇ ದಪ್ಪ ಪುಸ್ತಕವಾಯಿತು. ನಿಮ್ಮ 1980ರ ದಶಕದ ಮಾಡ್ಯೂಲ್ ಯಾವ ಸಾಲಿನದು ಎಂದು ಮೊದಲು ರಕ್ಷಾಪುಟ ನೋಡಿ ತಿಳಿದುಕೊಳ್ಳಬೇಕು. 2000ದ ಮೂರನೆಯದು ‘ಅಡ್ವಾನ್ಸ್ಡ್’ ಎಂಬುದನ್ನು ಕೈಬಿಟ್ಟಿತು. 2003ರಲ್ಲಿ ಮೂರೂವರೆ, 2008ರಲ್ಲಿ ನಾಲ್ಕು, 2014ರಲ್ಲಿ ಐದು. 2024ರ ಪರಿಷ್ಕರಣೆಯನ್ನು ಪ್ರಕಾಶಕರು ಆರು ಎಂದು ಕರೆದಿಲ್ಲ. ಹಾಗಾಗಿ ‘1981ರ ಬೇಸಿಕ್’, ‘2014ರ ಆವೃತ್ತಿ’ ಎಂದು ಇಸವಿ ಹಿಡಿದು ಬರೆಯುವುದೇ ಕ್ಷೇಮ. 3.5ಕ್ಕೆ ‘ಮೂರೂವರೆ’ ಚೆನ್ನಾಗಿಯೇ ಒಗ್ಗುತ್ತದೆ. ಅದನ್ನು ಬರೀ ತಿದ್ದುಪಡಿ ಎಂದು ತಳ್ಳಿಹಾಕುವಂತಿಲ್ಲ. 2000ದಲ್ಲಿ ‘ಹೇಸ್ಟ್’ ಎಂಬ ವೇಗ ಹೆಚ್ಚಿಸುವ ಮಂತ್ರ ಬಿದ್ದ ಮಾಂತ್ರಿಕ ಒಂದೇ ಸುತ್ತಿನಲ್ಲಿ ಎರಡು ಮಂತ್ರ ಹಾಕಬಹುದಿತ್ತು, 2003ರಲ್ಲಿ ಅದು ಒಂದು ಹೆಚ್ಚುವರಿ ಹೊಡೆತಕ್ಕೆ ಇಳಿಯಿತು.

ಆರ್ಮರ್ ಕ್ಲಾಸ್‌ಗೆ ಎರಡು ಪದ ಬೇಕೇ ಬೇಕು. ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ ಎಂಬಲ್ಲಿ ಸಣ್ಣ ಅಂಕಿಯೇ ದೊಡ್ಡ ಹುದ್ದೆ. 1974ರಿಂದ 1999ರವರೆಗಿನ ಲೆಕ್ಕವೂ ಹಾಗೆಯೇ ಇತ್ತು. ಕವಚವಿಲ್ಲದವನಿಗೆ ಅಡ್ವಾನ್ಸ್ಡ್ ಸಾಲಿನಲ್ಲಿ 10, ಬೇಸಿಕ್‌ನಲ್ಲಿ 9. ಸರಪಳಿ ಕವಚಕ್ಕೆ 5, ಪ್ಲೇಟ್ ಮೇಲ್‌ಗೆ 3. ಎರಡನೆಯ ಆವೃತ್ತಿಯಲ್ಲಿ ಮೈನಸ್ 10ರವರೆಗೂ ಇಳಿಯಬಹುದು. ಇದಕ್ಕೆ ‘ಕವಚದರ್ಜೆ’ ಹೇಳಿ ಮಾಡಿಸಿದ ಮಾತು. 2000ದಿಂದ ಅಂಕಿ ಹೆಚ್ಚಾದಷ್ಟೂ ರಕ್ಷಣೆ ಹೆಚ್ಚು. ಅಲ್ಲಿ ದರ್ಜೆ ಎಂದರೆ ಓದುಗ ತಲೆಕೆಳಗಾಗಿ ತಿಳಿಯುತ್ತಾನೆ. ಪರೀಕ್ಷೆಯ ಅಂಕದಂತೆ ‘ಕವಚಾಂಕ’ ಎನ್ನಿ.

ಹಳೆಯ ಮಾಡ್ಯೂಲಿನಲ್ಲಿ ‘+1 ಗುರಾಣಿ’ ಕಂಡಲ್ಲಿ ಎಡವುವವರು ಬಹಳ. ಅದು ದರ್ಜೆಗೆ ಕೂಡುವುದಲ್ಲ, ಕಳೆಯುವುದು. ದರ್ಜೆ 4 ಇದ್ದವನು ಸಾದಾ ಗುರಾಣಿಯ ಬದಲು +1 ಗುರಾಣಿ ಹಿಡಿದರೆ 3 ಆಗುತ್ತದೆ. ಎರಡನೆಯ ಆವೃತ್ತಿಯ ‘ಥ್ಯಾಕೋ’ ಎಂದರೆ ಸೊನ್ನೆ ದರ್ಜೆಯ ಕವಚಕ್ಕೆ ಹೊಡೆತ ತಾಗಲು ಇಪ್ಪತ್ತು ಮುಖದ ದಾಳದಲ್ಲಿ ಬೀಳಬೇಕಾದ ಗರ, ಅಂದರೆ ಅಂಕಿ. ಇದನ್ನು ಅನುವಾದಿಸುವ ಗೋಜು ಬೇಡ, ಥ್ಯಾಕೋ ಎಂದೇ ಇರಲಿ, ಲೆಕ್ಕ ಕೊಡಿ. ಥ್ಯಾಕೋ 17, ಎದುರಾಳಿಯ ದರ್ಜೆ 4 ಆದರೆ 17ರಲ್ಲಿ 4 ಕಳೆದು 13 ಬೀಳಬೇಕು. ದರ್ಜೆ ಮೈನಸ್ 2 ಆದರೆ 19. ಹೊಸ ಲೆಕ್ಕಕ್ಕೆ ತರಲು ಎರಡನ್ನೂ 20ರಿಂದ ಕಳೆಯಿರಿ: ಹೊಡೆತದ ಬೋನಸ್ +3, ಕವಚಾಂಕ 16, ಬೇಕಾದ ಗರ ಅದೇ 13. ಬೇಸಿಕ್ ಸಾಲಿನ ಪುಸ್ತಕವಾದರೆ 20ರ ಬದಲು 19ರಿಂದ ಕಳೆಯಬೇಕು, ಏಕೆಂದರೆ ಅಲ್ಲಿ ಬರಿಮೈ 9ರಿಂದ ಶುರು. 20ರಿಂದಲೇ ಕಳೆದು ರಾಕ್ಷಸನ ಕವಚಾಂಕವನ್ನಷ್ಟೇ ಬದಲಿಸಿ, ಆಟಗಾರರಿಗೆ 2014ರ ಬೋನಸ್ ಉಳಿಸಿಕೊಂಡರೆ ಎಲ್ಲ ರಾಕ್ಷಸರೂ ಒಂದಂಕಿ ಗಟ್ಟಿಯಾಗಿಬಿಡುತ್ತಾರೆ.

ಅಂಕಿ ಬದಲಿಸಿದ ಮಾತ್ರಕ್ಕೆ ಹೋಲಿಕೆ ಮುಗಿಯುವುದಿಲ್ಲ ಎಂಬ ಅಡಿಟಿಪ್ಪಣಿಯೂ ಇರಲಿ. ಎರಡನೆಯ ಆವೃತ್ತಿಯ ಯೋಧನ ಥ್ಯಾಕೋ ಇಪ್ಪತ್ತು ಹಂತದಲ್ಲಿ 20ರಿಂದ 1ಕ್ಕೆ ಇಳಿಯುತ್ತದೆ. 2014ರಲ್ಲಿ ಅದೇ ದೂರಕ್ಕೆ ಪಳಗಿಕೆಯ (ಪ್ರೊಫಿಶಿಯೆನ್ಸಿ) ಬೋನಸ್ +2ರಿಂದ +6 ಆಗುತ್ತದೆ, ಅಷ್ಟೆ. ಹಳೆಯ ಮೈನಸ್ 5 ದರ್ಜೆಯನ್ನು ಕವಚಾಂಕ 25 ಎಂದು ನೇರ ಇಳಿಸಿದರೆ, +7 ಬೋನಸ್ ಇರುವ 5ನೇ ಹಂತದ ಯೋಧನಿಗೆ 18 ಬೀಳಬೇಕಾಗುತ್ತದೆ, 20ನೇ ಹಂತದವನಿಗೂ 14.

ಇನ್ನು ಲೆವೆಲ್. ಹಂತ ಎಂಬ ಪದ ನಮ್ಮೂರಿನಲ್ಲಿ ಆಗಲೇ ದುಡಿದು ಸುಸ್ತಾಗಿದೆ. ಬನಶಂಕರಿಯ ಸ್ಟೇಜೂ ಹಂತವೇ, ಜೆ.ಪಿ. ನಗರದ ಫೇಸೂ ಹಂತವೇ. ಆಟದೊಳಗೂ ಅದೇ ಪಾಡಾದೀತು. ಇದು ಕನ್ನಡದ ಬಡತನವೇನಲ್ಲ. 1978ರ ಆಟಗಾರರ ಕೈಪಿಡಿಯಲ್ಲಿ ಈ ಆಟದ ಕರ್ತೃಗಳಲ್ಲೊಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಈ ಗೊಂದಲವನ್ನು ತಾನೇ ಎತ್ತಿ ಹೇಳುತ್ತಾನೆ: ಪಾತ್ರಕ್ಕೆ, ಮಂತ್ರಕ್ಕೆ, ರಾಕ್ಷಸನಿಗೆ ಬೇರೆ ಬೇರೆ ಪದ ಇಡುವ ಯೋಚನೆಯಿತ್ತು, ಬಳಕೆ ಆಗಲೇ ಬೇರೂರಿದ್ದರಿಂದ ನೆಲದಡಿಯ ಅಂತಸ್ತೂ ಸೇರಿ ನಾಲ್ಕೂ ಅರ್ಥಕ್ಕೆ ಲೆವೆಲ್ ಎಂದೇ ಬಿಟ್ಟೆವು ಎಂದು. ಅವರು ಕೈಬಿಟ್ಟದ್ದನ್ನು ನಾವು ಮಾಡಬಹುದು. ಪಾತ್ರಕ್ಕೆ ಹಂತ. ಮಂತ್ರಕ್ಕೆ ಶ್ರೇಣಿ. ನೆಲದಡಿಯ ಅಂತಸ್ತಿಗೆ ‘ತಲ’. ಮಹಡಿ ಎಂದರೆ ಮೇಲಕ್ಕೆ ಎಣಿಸುತ್ತೇವೆ. ಡಂಜನ್ನಿನಲ್ಲಿ, ಅಂದರೆ ನೆಲಮಾಳಿಗೆಯ ಜಾಲದಲ್ಲಿ, ಎಣಿಕೆ ಕೆಳಕ್ಕೆ, ಆಳಕ್ಕಿಳಿದಷ್ಟೂ ಅಪಾಯ. ಅತಲ, ವಿತಲ, ಸುತಲ ಎಂದು ಪಾತಾಳದವರೆಗೆ ಕೆಳಮುಖವಾಗಿ ಎಣಿಸುವ ಪದ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ರಾಕ್ಷಸನಿಗೆ 2000ದ ನಂತರ, 2008ರದ್ದನ್ನು ಬಿಟ್ಟರೆ, ಲೆವೆಲ್ ಬದಲು ಚಾಲೆಂಜ್ ರೇಟಿಂಗ್ ಬಂತು, ‘ಸವಾಲಂಕ’ ನಡೆಯುತ್ತದೆ.

ಈ ವಿಂಗಡಣೆ ಅಲಂಕಾರಕ್ಕಲ್ಲ. ಬೆಂಕಿಯುಂಡೆ ಮಂತ್ರವನ್ನೇ ನೋಡಿ. ಎಲ್ಲ ಕಾಲದಲ್ಲೂ ಅದು 3ನೇ ಶ್ರೇಣಿಯದೇ, 2008ರದ್ದನ್ನು ಬಿಟ್ಟರೆ. ಎರಡನೆಯ ಆವೃತ್ತಿಯಲ್ಲಿ ‘ಲೆವೆಲ್‌ಗೊಂದು ದಾಳ’ ಎಂದರೆ ಹಾಕುವವನ ಹಂತಕ್ಕೊಂದು ಆರುಮುಖದ ದಾಳ, ಹತ್ತಕ್ಕೆ ಮಿತಿ. 9ನೇ ಹಂತದ ಮಾಂತ್ರಿಕ 9 ದಾಳ ಉರುಳಿಸುತ್ತಾನೆ. 2014ರಲ್ಲಿ ಹಂತ ಲೆಕ್ಕಕ್ಕಿಲ್ಲ. 3ನೇ ಶ್ರೇಣಿಯ ಜಾಗದಿಂದ (ಸ್ಲಾಟ್) ಹಾಕಿದರೆ 8 ದಾಳ, ಮೇಲಿನ ಶ್ರೇಣಿ ಬಳಸಿದಂತೆ ಒಂದೊಂದು ಹೆಚ್ಚು. 5ನೇ ಶ್ರೇಣಿಗೆ 10. ಎರಡೂ ಕಡೆ ‘ಹಂತ’ ಎಂದು ಬರೆದರೆ ಆಟಗಾರ ತಪ್ಪು ದಾಳ ಎಣಿಸುವುದು ಖಂಡಿತ.

ಟರ್ನ್ ಇನ್ನೂ ಮೋಸದ ಪದ. ಹಳೆಯ ಎರಡೂ ಸಾಲುಗಳಲ್ಲಿ ಟರ್ನ್ ಎಂದರೆ ಹತ್ತು ನಿಮಿಷ. 2000ದಿಂದ ಅದು ಒಬ್ಬೊಬ್ಬರ ಸರದಿ. ಬೇಸಿಕ್‌ನಲ್ಲಿ ಪಂಜು ಆರು ಟರ್ನ್ ಉರಿಯುತ್ತದೆ, ಅಂದರೆ ಒಂದು ಗಂಟೆ. ಇದನ್ನು ‘ಆರು ಸರದಿ’ ಎಂದು ಕನ್ನಡಿಸಿದರೆ ಪಂಜು ಮೂವತ್ತಾರು ಸೆಕೆಂಡಿಗೆ ಆರಿಹೋಗುತ್ತದೆ! ಹಳೆಯದಕ್ಕೆ ಪದ ಕಟ್ಟದೆ ‘ಹತ್ತು ನಿಮಿಷ’, ‘ಒಂದು ಗಂಟೆ’ ಎಂದು ಹೊತ್ತನ್ನೇ ಬರೆದುಬಿಡಿ. ಗಳಿಗೆ ಎನ್ನಲು ಆಸೆಯಾಗುತ್ತದೆ, ಆದರೆ ಅದು ಇಪ್ಪತ್ತನಾಲ್ಕು ನಿಮಿಷ. ಹೊಸದಕ್ಕೆ ಸರದಿ. ರೌಂಡ್‌ಗೆ ಎಲ್ಲ ಕಡೆ ‘ಸುತ್ತು’ ಇರಲಿ, ಅದರ ಉದ್ದ ಮಾತ್ರ ಹೇಳಿ: ಅಡ್ವಾನ್ಸ್ಡ್ ಎರಡರಲ್ಲೂ ಒಂದು ನಿಮಿಷ, 1981ರ ಬೇಸಿಕ್‌ನಲ್ಲಿ 10 ಸೆಕೆಂಡು, 2000ದಿಂದೀಚೆಗೆ 6 ಸೆಕೆಂಡು.

ಸೇವಿಂಗ್ ಥ್ರೋಗೆ ಮೂರು ಹೆಸರು ಸೂಚಿಸುತ್ತೇನೆ, ಮೂರು ಬೇರೆ ಬೇರೆ ಲೆಕ್ಕ ಇರುವುದರಿಂದ.

ಎರಡನೆಯ ಆವೃತ್ತಿಯವರೆಗಿನದು ‘ಪಾರುಗರ’. ಅಪಾಯಗಳನ್ನು ಐದು ಗುಂಪು ಮಾಡಿ, ಕಸುಬು ಮತ್ತು ಹಂತಕ್ಕೆ ತಕ್ಕ ಅಂಕಿಯನ್ನು ಪಟ್ಟಿಯಲ್ಲಿ ಕೊಟ್ಟಿರುತ್ತಾರೆ. ಅಷ್ಟು ಅಥವಾ ಹೆಚ್ಚು ಬಿದ್ದರೆ ಪಾರು. ಮಂತ್ರ ಹಾಕಿದವನು ಎಷ್ಟು ಬಲ್ಲಿದ ಎಂಬುದಕ್ಕೆ ಬೆಲೆಯಿಲ್ಲ. ಮೊದಲ ಆವೃತ್ತಿಯ 1ನೇ ಹಂತದ ಯೋಧನಿಗೆ ವಿಷಕ್ಕೆ 14, ಮಂತ್ರಕ್ಕೆ 17 ಬೇಕು; 17ನೇ ಹಂತದಲ್ಲಿ ಅವು 3 ಮತ್ತು 6. 2000 ಮತ್ತು 2014ರದ್ದು ‘ತಡೆಗರ’. ಇಲ್ಲಿ ಗುರಿಯ ಅಂಕಿ ಎದುರಾಳಿಯಿಂದ ಬರುತ್ತದೆ. ಮೂರನೆಯ ಆವೃತ್ತಿಯಲ್ಲಿ 10 ಕೂಡಿಸು ಮಂತ್ರದ ಶ್ರೇಣಿ ಕೂಡಿಸು ಸಾಮರ್ಥ್ಯದ ಬೋನಸ್. ಐದನೆಯದರಲ್ಲಿ 8 ಕೂಡಿಸು ಪಳಗಿಕೆ ಕೂಡಿಸು ಸಾಮರ್ಥ್ಯ. ಬುದ್ಧಿ 18 ಇರುವ 5ನೇ ಹಂತದ ಮಾಂತ್ರಿಕನ ಬೆಂಕಿಯುಂಡೆಗೆ ಮೂರರಲ್ಲಿ ಗುರಿ 17, ಐದರಲ್ಲಿ 15. ತಡೆಯುವ ಬಗೆಯೂ ಮೂರರಲ್ಲಿ ಮೂರೇ, ಐದರಲ್ಲಿ ಆರು. ನಾಲ್ಕನೆಯ ಆವೃತ್ತಿಯದ್ದು ‘ಬಿಡುಗರ’: ಆಗಲೇ ಹಿಡಿದ ತೊಂದರೆ ಬಿಡಲು ಸರದಿಯ ಕೊನೆಯಲ್ಲಿ ಹಾಕುವುದು, 10 ಅಥವಾ ಹೆಚ್ಚು ಬಿದ್ದರೆ ಬಿಡುಗಡೆ. ಅಲ್ಲಿ ತಡೆಯುವ ಕೆಲಸ ಗರದ್ದಲ್ಲ, ದೇಹ, ಚುರುಕು, ಮನಸ್ಸಿನ ರಕ್ಷಣಾಂಕಗಳದ್ದು. ಉರುಳಿಸುವವನು ದಾಳಿ ಮಾಡುವವನು. ಐದರಲ್ಲಿ ಸಾಯುವ ಹೊತ್ತಿಗೆ ಹಾಕುವ ಸೇವ್ ಕೂಡ ತಡೆಗರಕ್ಕಿಂತ ಇದರ ಜಾತಿಗೇ ಹತ್ತಿರ: ಗುರಿ 10, ಸಾಮರ್ಥ್ಯದ ಬೋನಸ್ ಇಲ್ಲ.

‘ಹೊಸ ಆಟ ಸಲೀಸು’ ಎಂಬ ಮಾತನ್ನು ಕೈಪಿಡಿಯಲ್ಲಿ ಬರೆಯುವ ಮುಂಚೆ ಇದನ್ನು ತೂಗಿ. ಹಳೆಯ 17ನೇ ಹಂತದ ಯೋಧ ನೂರಕ್ಕೆ 75 ಸಲ ಮಂತ್ರದಿಂದ ಪಾರು. 2014ರ ಅದೇ ಹಂತದ ಯೋಧ, ವಿವೇಕ 12, ಆ ತಡೆಯಲ್ಲಿ ಪಳಗಿಲ್ಲ. ಸಮಬಲದ ಮಾಂತ್ರಿಕನ ಗುರಿ 19. ಅವನಿಗೆ 18 ಬೀಳಬೇಕು, ನೂರಕ್ಕೆ 15.

ರೇಸ್‌ಗೆ ‘ಕುಲ’, ಕ್ಲಾಸ್‌ಗೆ ‘ಕಸುಬು’ ಇಡಬಹುದು. 1981ರ ಬೇಸಿಕ್‌ನಲ್ಲಿ ಡ್ವಾರ್ಫ್, ಎಲ್ಫ್, ಹಾಫ್ಲಿಂಗ್ ಎಂಬುದೇ ಕುಲವೂ ಕಸುಬೂ; ಡ್ವಾರ್ಫ್ 12, ಎಲ್ಫ್ 10, ಹಾಫ್ಲಿಂಗ್ 8ನೇ ಹಂತ ದಾಟುವಂತಿಲ್ಲ. ಅದಕ್ಕೆ ‘ಕುಲಕಸುಬು’ಗಿಂತ ಒಳ್ಳೆಯ ಪದ ಸಿಗಲಾರದು.

ಮರು ಉತ್ತರ

ಮೇಲಿನವರು ಹೇಳಿದ್ದರಲ್ಲಿ ಕವಚದರ್ಜೆ–ಕವಚಾಂಕ, ತಲ ಎರಡಕ್ಕೂ ಪೂರ್ತಿ ಒಪ್ಪಿಗೆ. ಕುಲಕಸುಬು ಬೇಸಿಕ್‌ಗೆ ಸರಿ, ಅಲ್ಲಿನ ನಿಯಮವೇ ಹಾಗಿದೆ, ಆ ಪದದ ಮುಜುಗರವೂ ನಿಯಮಕ್ಕೆ ಸಲ್ಲತಕ್ಕದ್ದೇ. ಆದರೆ ಅದೇ ‘ಕುಲ’ವನ್ನು 2024ರವರೆಗೆ ಎಳೆದು ತರಬೇಡಿ. ಆ ಪುಸ್ತಕ ರೇಸ್ ಎಂಬುದನ್ನು ಬಿಟ್ಟು ಸ್ಪೀಷೀಸ್ ಎಂದಿತು. ಹೆಸರಷ್ಟೇ ಬದಲಾಗಿದ್ದರೆ ಬಿಡಬಹುದಿತ್ತು, ಲೆಕ್ಕವೂ ಬದಲಾಗಿದೆ. 2014ರಲ್ಲಿ ಡ್ವಾರ್ಫ್ ಆದರೆ ಕಸುವಿಗೆ +2 ಎಂದು ಹುಟ್ಟಿನಿಂದ ಬರುತ್ತಿದ್ದ ಸಾಮರ್ಥ್ಯದ ಹೆಚ್ಚಳ 2024ರಲ್ಲಿ ಹಿನ್ನೆಲೆಗೆ, ಅಂದರೆ ಪಾತ್ರ ಮುಂಚೆ ಏನು ಮಾಡಿಕೊಂಡಿತ್ತು ಎಂಬುದಕ್ಕೆ, ವರ್ಗವಾಯಿತು. ಹಾಫ್-ಎಲ್ಫ್, ಹಾಫ್-ಆರ್ಕ್ ಪಟ್ಟಿಯಿಂದ ಹೋಗಿ, ಆರ್ಕ್, ಗೋಲಿಯತ್, ಆಸಿಮಾರ್ ಬಂದವು. ನನ್ನ ಸಲಹೆ: ಬೇಸಿಕ್‌ಗೆ ಕುಲಕಸುಬು, 2014ರವರೆಗೆ ಜನಾಂಗ, 2024ಕ್ಕೆ ಪ್ರಭೇದ. ಜಾತಿ ಎಲ್ಲೂ ಬೇಡ.

ಅಡ್ವಾಂಟೇಜ್‌ಗೂ ಇದೇ ಎಚ್ಚರ ಬೇಕು. ನಾಲ್ಕರಲ್ಲಿ ‘ಕಾಂಬ್ಯಾಟ್ ಅಡ್ವಾಂಟೇಜ್’ ಎಂದರೆ ಹೊಡೆತಕ್ಕೆ +2. ಐದರಲ್ಲಿ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. 13 ಬೇಕಿದ್ದಾಗ ಒಂದು ದಾಳಕ್ಕೆ ನೂರಕ್ಕೆ 40, +2 ಸೇರಿದರೆ 50, ಎರಡು ದಾಳಕ್ಕೆ 64. ಮೊದಲನೆಯದಕ್ಕೆ ‘ಮೇಲುಗೈ’, ಎರಡನೆಯದಕ್ಕೆ ‘ಜೋಡಿದಾಳ’ ಎನ್ನಬಹುದೇನೋ. ಐದರಲ್ಲಿ ಸಣ್ಣದನ್ನು ಇಟ್ಟುಕೊಳ್ಳುವ ಶಿಕ್ಷೆಯೂ ಇರುವುದರಿಂದ ‘ಮೇಲ್ಜೋಡಿ’, ‘ಕೆಳಜೋಡಿ’ ಎಂದು ಒಡೆದರೆ ಇನ್ನೂ ವಾಸಿ.

ಕೊನೆಯದಾಗಿ ‘ಗರ’. ಪಗಡೆ, ಚೌಕಾಬಾರದವರ ಪದ, ಇಲ್ಲಿಗೂ ಸಲ್ಲುತ್ತದೆ. ಆದರೆ ದಾಳದ ಮೇಲೆ ಕಂಡ ಅಂಕಿಗೂ ಬೋನಸ್ ಕೂಡಿದ ಮೊತ್ತಕ್ಕೂ ಒಂದೇ ಪದ ಬಳಸಿದರೆ ಜಗಳ ಗ್ಯಾರಂಟಿ. ಮೊದಲನೆಯದು ‘ಬರಿಗರ’, ಎರಡನೆಯದು ‘ಮೊತ್ತ’ ಎಂದು ಒಡೆಯಿರಿ. ಮೂರರಲ್ಲಿ ತಡೆಗರಕ್ಕೆ ಬರಿಗರ 20 ಬಿದ್ದರೆ ಗುರಿ ಎಷ್ಟೇ ಇರಲಿ ಗೆದ್ದಂತೆ, 1 ಬಿದ್ದರೆ ಸೋತಂತೆ. ಐದರಲ್ಲಿ ಆ ಸವಲತ್ತು ಹೊಡೆತದ ಗರಕ್ಕುಂಟು, ತಡೆಗರಕ್ಕಿಲ್ಲ: ಬರಿಗರ 20 ಬಿದ್ದು, ಬೋನಸ್ ಮೈನಸ್ 1 ಆಗಿ, ಗುರಿ 20 ಇದ್ದರೆ ಮೊತ್ತ 19, ಮಂತ್ರ ತಾಗಿತು.