ಹಳೇ ಕಂಪ್ಯೂಟರ್‌ಗೆ ವಿಂಡೋಸ್ 11 ಕೂರಲ್ಲ, ಲಿನಕ್ಸ್ ಹಾಕಲಾ?

ಪ್ರಶ್ನೆ (ಗಂಗಾವತಿಯಿಂದ):
ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ಕಂಪ್ಯೂಟರ್ ಆರನೇ ಜನರೇಷನ್ ಐ3, ರ‍್ಯಾಮ್ 8 ಜಿಬಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದ್ರೆ ಪ್ರೊಸೆಸರ್ ಹಳೇದು ಅನ್ನುತ್ತದೆ. ಮದುವೆ ಕಾರ್ಡು, ಅರ್ಜಿ ಎಲ್ಲಾ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫಾಂಟ್‌ನಲ್ಲೇ ಇವೆ. ಚೆನ್ನಾಗಿ ಓಡುತ್ತಿರುವುದನ್ನು ಗುಜರಿಗೆ ಹಾಕಲು ಮನಸ್ಸು ಬರ್ತಿಲ್ಲ. ಏನು ಮಾಡಲಿ?

ಉತ್ತರ (ಸಿಂಧನೂರು):
ಲಿನಕ್ಸ್ ಮಿಂಟ್ ಹಾಕಿ, ವಿಂಡೋಸ್ ಬದಲು ಬಳಸುವ ಆಪರೇಟಿಂಗ್ ಸಿಸ್ಟಂ, ಪುಕ್ಕಟೆ. ನುಡಿಯಲ್ಲಿ ಬಳಸುವ ಕೆಜಿಪಿ ಕೀಲಿಮಣೆಯೂ ಸಿಗುತ್ತದೆ.

ಉತ್ತರ (ಬಳ್ಳಾರಿ):
ಟೈಪಿಂಗ್ ಸರಿ, ಹಳೇ ಫೈಲ್‌ಗಳ ಗತಿ? ನುಡಿಯ ಹಳೇ ಫಾಂಟ್‌ಗಳು ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಮೊದಲು ಎಲ್ಲಾ ಕಾಪಿ ತೆಗೆದಿಡಿ. ಆಮೇಲೆ ಯೂನಿಕೋಡ್‌ಗೆ ಬದಲಾಯಿಸಿ. ಒತ್ತಕ್ಷರ, ಅರ್ಕಾವತ್ತು ಒಂದೊಂದೇ ನೋಡಿ, ಮದುವೆ ಕಾರ್ಡಲ್ಲಿ ಹೆಸರು ತಪ್ಪಿದರೆ ಯಾರು ಒಪ್ತಾರೆ? ಡಿಸೈನ್‌ಗೆ ಕೋರೆಲ್‌ಡ್ರಾ ತಂತ್ರಾಂಶ ಬಳಸುತ್ತಿದ್ದರೆ ಅದಕ್ಕೆ ಲಿನಕ್ಸ್ ಆವೃತ್ತಿಯೇ ಇಲ್ಲ.

ಗಂಗಾವತಿ:
ಕಾರ್ಡೆಲ್ಲಾ ಕೋರೆಲ್‌ನಲ್ಲೇ ಅಣ್ಣಾ.

ಬಳ್ಳಾರಿ:
ಹಾಗಾದ್ರೆ ವಿಂಡೋಸ್ 10 ಇರಲಿ, ಅದರಲ್ಲಿ ಇಂಟರ್ನೆಟ್ ತೆಗೆದು ಕಾರ್ಡಿಗೆ ಮಾತ್ರ ಬಳಸಿ. ಅದೇ ಕಂಪ್ಯೂಟರಲ್ಲಿ ವಿಂಡೋಸ್ ಪಕ್ಕದಲ್ಲೇ ಮಿಂಟ್ ಹಾಕಿ, ಆನ್‌ಲೈನ್ ಅರ್ಜಿ ಅದರಲ್ಲಿ ತುಂಬಿ. ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ, ಪ್ರಿಂಟರ್, ಸ್ಕ್ಯಾನರ್ ಎರಡೂ ನೋಡಿ.